ಹಗೇವಿಗೆ ಇಳಿಸಿದ ಮೈಕು

ತಿಂಗಳಿಗೆ ಇಬ್ಬರು ಮೂವರಾದರೂ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ, ಕೊರಳಲ್ಲಿ ಹೆಡ್‌ಫೋನು. ಹೊಳಲ್ಕೆರೆಯವರು, ಹೊಸದುರ್ಗದವರು, ಹಿರಿಯೂರಿನಿಂದ ಬಸ್ಸು ಹತ್ತಿ ಬಂದವರು. ಕೇಳುವುದು ಒಂದೇ: ಮನೆಯಲ್ಲೇ ಕೂತು, ಮನೆಯ ಸಾಮಾನನ್ನೇ ಬಾರಿಸಿ, ಹಾಡಿಗೆ ಬೇಕಾದ ತಾಳದ ಟ್ರ್ಯಾಕು ಮಾಡುವುದು ಹೇಗೆ? ಮೂವತ್ತು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದವನು ನಾನು. ಮೊದಲು ಇನ್ನೊಬ್ಬರ ಅಂಗಡಿಯಲ್ಲಿ, ಆಮೇಲೆ ಚಿತ್ರದುರ್ಗದ ನನ್ನ ಬಾಡಿಗೆ ಮನೆಯಲ್ಲಿ. ಬಂದವರಿಗೆ ಡಬ್ಬಿಯ ವಿಷಯ ಹೇಳುತ್ತೇನೆ, ಮೊರದ ವಿಷಯ ಹೇಳುತ್ತೇನೆ, ಮೈಕು ಎಷ್ಟು ದೂರ ಇರಬೇಕೆಂದು ಗೇಣಿನಲ್ಲಿ ಅಳೆದು ತೋರಿಸುತ್ತೇನೆ. ಒಂದು ಜಾಗಕ್ಕೆ ಬಂದಾಗ ಮಾತು ನಿಲ್ಲಿಸಿ ಟೀ ಮಾಡಲು ಏಳುತ್ತೇನೆ. ಅಲ್ಲಿ ಹೇಳದೆ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬಿ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದಾಗ ಕ್ಯಾಸೆಟ್ ರೆಕಾರ್ಡಿಂಗ್ ಮಾಡುತ್ತಿದ್ದ ಒಂದು ಸಣ್ಣ ಅಂಗಡಿಗೆ ಸೇರಿದೆ. ಯಜಮಾನರು ರುದ್ರಪ್ಪನವರು. ಹೆಚ್ಚು ಮಾತಿಲ್ಲ, ಕೈಯಲ್ಲಿ ಸದಾ ಒಂದು ಪೆನ್ಸಿಲ್. ಹಾಡುವವರ ದನಿ ಸ್ವಲ್ಪ ಇಳಿದರೂ ನನ್ನ ಬೆರಳು ಸದ್ದು ಏರಿಸುವ ನಾಬನ್ನು ಅಷ್ಟೇ ಏರಿಸಬೇಕು. ತಡವಾದರೆ ಬೆರಳ ಗೆಣ್ಣಿನ ಮೇಲೆ ಪೆನ್ಸಿಲ್ಲಿನ ಏಟು. ಒಮ್ಮೆ ಮಾತ್ರ ಬಾಯಿಬಿಟ್ಟು ವಿವರಿಸಿದರು: "ಸದ್ದು ಬಿದ್ದಿದ್ದು ಕೇಳೋರಿಗೆ ಗೊತ್ತಾಗಬಾರ್ದು ಕಣಪ್ಪ. ಅದು ಬೀಳೋಕ್ ಮುಂಚೆ ನಿನ್ನ ಬೆರಳು ಹಿಡಿದಿರಬೇಕು." ಎರಡು ವರ್ಷದಲ್ಲಿ ಬೆರಳು ಕಲಿತುಕೊಂಡಿತು. ನಾನು ಬೇರೇನನ್ನೋ ಯೋಚಿಸುತ್ತಿದ್ದರೂ ಬೆರಳು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಅವರು ತೀರಿಕೊಳ್ಳುವ ಮುಂಚೆ ತಮ್ಮ ಒಳ್ಳೆಯ ಮೈಕನ್ನು ಬಟ್ಟೆಯಲ್ಲಿ ಸುತ್ತಿ ನನಗೆ ಕೊಟ್ಟರು.

ಕ್ಯಾಸೆಟ್ ಹೋಯಿತು, ಸೀಡಿ ಬಂದು ಅದೂ ಹೋಯಿತು. ತಬಲ, ಢೋಲಕ್ ಬಾರಿಸುವವರನ್ನು ಕರೆಸುವುದು ನಿಂತು ಕೀಬೋರ್ಡಿನ ಗುಂಡಿ ಒತ್ತಿದರೆ ತಾಳ ಬರುವ ಕಾಲ ಬಂತು. ಆಮೇಲೆ ಕಂಪ್ಯೂಟರು. ಜಗತ್ತಿನ ಎಲ್ಲ ಡ್ರಮ್ಮುಗಳೂ ಅದರೊಳಗೆ ಸಿದ್ಧವಾಗಿದ್ದವು. ಒಂದಷ್ಟು ವರ್ಷ ಅದರಲ್ಲೇ ದುಡಿದೆ. ಎಲ್ಲ ಹಾಡೂ ಒಂದೇ ಥರ ಕೇಳಿಸತೊಡಗಿದಾಗ ಜನರೇ ಬೇಸತ್ತರು. ಅಷ್ಟು ಹೊತ್ತಿಗೆ ನಾನು ಚಂದ್ರವಳ್ಳಿಗೆ ಹೋಗುವ ದಿಕ್ಕಿನಲ್ಲಿ, ತಿಪ್ಪಮ್ಮಜ್ಜಿಯ ಹಳೇ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆ. ಅಜ್ಜಿ ಮುಂಭಾಗದಲ್ಲಿ ಒಬ್ಬರೇ. ಅವರದು ಕುರಿ ಸಾಕುವವರ ಮನೆತನ. ಮನೆಯಲ್ಲಿ ಕರಿ ಕಂಬಳಿಗಳಿಗೆ ಬರವಿರಲಿಲ್ಲ. ಅವರಿಂದ ಎಂಟು ಕಂಬಳಿ ಪಡೆದು ನನ್ನ ಕೋಣೆಯ ಗೋಡೆಗಳಿಗೆ ಹೊಡೆದೆ. ಸದ್ದು ಗೋಡೆಗೆ ಬಡಿದು ತಿರುಗಿ ಬರದಂತೆ ತಡೆಯಲು ಅಂಗಡಿಯಲ್ಲಿ ಮಾರುವ ಯಾವ ಸ್ಪಂಜೂ ಈ ಕಂಬಳಿಗೆ ಸಮವಲ್ಲ. ಮಳೆಗಾಲದಲ್ಲಿ ಕೋಣೆಯೆಲ್ಲ ಕುರಿ ವಾಸನೆ ಬರುತ್ತದೆ, ಅಷ್ಟೇ.

ದಸ್ತಗೀರ್ ಸಾಬರು ಆ ಮನೆಗೆ ಮೊದಲು ಬಂದದ್ದು ಬಚ್ಚಲಿನ ಸೂರಿನ ತಗಡು ಸರಿಮಾಡಲು. ಅವರದು ತಲೆಮಾರುಗಳಿಂದ ತಗಡಿನ ಕೆಲಸ: ಡಬ್ಬಿ, ಟ್ರಂಕು, ಲಾಳಿಕೆ. ಮೇಲೆ ಕೂತು ಸುತ್ತಿಗೆಯಿಂದ ಬಡಿಯುತ್ತಿದ್ದಾಗ ಒಂದು ಏಟು ನನ್ನ ಕಿವಿ ಹಿಡಿಯಿತು. ಇನ್ನೊಮ್ಮೆ ಬಡಿಯಿರಿ ಎಂದೆ. ಬಡಿದರು. ಮೈಕು ತಂದು ಮತ್ತೊಮ್ಮೆ ಅಂದೆ.

"ಸಾರ್, ನಾನು ಮೂವತ್ತು ವರ್ಷದಿಂದ ಇದನ್ನ ಬಡೀತಿದೀನಿ. ಸದ್ದು ಮಾಡಬ್ಯಾಡ ಅಂದೋರೇ ಎಲ್ಲಾ. ಇನ್ನೊಂದ್ಸಲ ಅಂದೋರು ನೀವೊಬ್ರೇ" ಎಂದರು.

ಅವತ್ತಿನಿಂದ ಹನ್ನೆರಡು ವರ್ಷ ನಾವಿಬ್ಬರೂ ಜೊತೆ. ಅವರು ಓದಿದ್ದು ನಾಲ್ಕನೇ ಇಯತ್ತೆ. ತಗಡನ್ನು ಬೆರಳಿನಿಂದ ತಟ್ಟಿ, ಇದು ಎಷ್ಟು ದಪ್ಪ, ಎಲ್ಲಿ ಬಿರುಕು ಎಂದು ಹೇಳುವ ಕಿವಿ. ಅಂಥ ಕಿವಿಯನ್ನು ನಾನು ಆಮೇಲೆ ಕಂಡಿಲ್ಲ.

ಹೊಸಬರು ಇಷ್ಟು ತಿಳಿದಿರಲಿ. ಡಬ್ಬಿಗೆ ರಾಗಿ ಹಾಕಿ ಕುಲುಕಿದರೆ ಮರಳಿನಂತೆ ಹರಿಯುವ ಸದ್ದು, ಜೋಳ ಹಾಕಿದರೆ ಒಂದೊಂದು ಕಾಳೂ ಬೇರೆಯಾಗಿ ಕೇಳುವ ಸದ್ದು. ಅರ್ಧ ತುಂಬಬೇಡಿ, ಒಂದು ಹಿಡಿ ಸಾಕು, ಕಾಳಿಗೆ ಓಡಾಡಲು ಜಾಗ ಬೇಕು. ಮೊರವನ್ನು ಬಡಿಯಬಾರದು, ಬೆರಳ ತುದಿಯಿಂದ ಗೀರಬೇಕು. ಪ್ಲಾಸ್ಟಿಕ್ ಕೊಡವನ್ನು ನೀರಿನ ಬಾನಿಯಲ್ಲಿ ಬೋರಲು ಹಾಕಿ ತಳದ ಮೇಲೆ ಅಂಗೈಯಿಂದ ತಟ್ಟಿದರೆ, ಕಣ್ಣು ಮುಚ್ಚಿ ಕೇಳಿದವರು ಚರ್ಮವಾದ್ಯ ಎನ್ನುತ್ತಾರೆ. ಬೇಸಿಗೆಯಲ್ಲಿ ಬಾಗೆ ಮರದ ಒಣಕಾಯಿ ಗೊಂಚಲನ್ನು ಹಾಗೇ ಮುರಿದು ತಂದು ಅಲ್ಲಾಡಿಸಿ, ಗೆಜ್ಜೆ ಬೇಡ. ವಾದ್ಯದ ಕೆಳಗೆ ಮಡಿಸಿದ ಕಂಬಳಿ ಇರಲಿ, ಇಲ್ಲವಾದರೆ ನೆಲವೂ ಹಾಡಲು ಶುರುಮಾಡುತ್ತದೆ. ಫ್ಯಾನ್ ಆರಿಸಿ. ಕುಕ್ಕರ್ ಇಟ್ಟಿದ್ದಾರೆಯೇ ಎಂದು ಒಳಗೆ ಕೇಳಿ.

ತಪ್ಪುಗಳನ್ನೂ ಹೇಳಬೇಕು. ಹೊಸದುರ್ಗದ ಕಡೆಯ ಒಂದು ಭಜನಾ ತಂಡಕ್ಕೆ ಟ್ರ್ಯಾಕು ಮಾಡಿಕೊಟ್ಟಿದ್ದೆವು. ಎಲ್ಲ ಮುಗಿದು ಅವರ ಮುಂದೆ ಹಾಕಿದಾಗ ಮೂರನೇ ಚರಣದಲ್ಲಿ ದೇವರ ಹೆಸರು ಬಂದ ಕೂಡಲೇ ಹಲ್ಲಿ ಲೊಚಗುಟ್ಟಿದ್ದು ಸ್ಪಷ್ಟವಾಗಿ ಕೇಳಿತು. ರೆಕಾರ್ಡ್ ಮಾಡುವಾಗ ಕಂಬಳಿಯ ಹಿಂದೆ ಹಲ್ಲಿ ಇದ್ದದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ನಾಚಿಕೆಯಿಂದ, ತೆಗೆದು ಬಿಡುತ್ತೇನೆ ಎಂದೆ. ತಂಡದ ಹಿರಿಯರು ಎರಡೂ ಕೈ ಅಡ್ಡ ಹಿಡಿದರು. "ಯಾರಾರ ತೆಗೀತಾರಾ? ಅದು ಹೌದು ಅಂತೈತೆ" ಎಂದರು. ಈಗಲೂ ಆ ಹಾಡಿನಲ್ಲಿ ಹಲ್ಲಿ ಇದೆ.

ಇನ್ನೊಂದು ತಪ್ಪಿಗೆ ಹೀಗೆ ನಗಲಾಗುವುದಿಲ್ಲ. ಕಂಪ್ಯೂಟರಿನಲ್ಲಿ ಒಂದು ಆವರ್ತ ಬಾರಿಸಿ ಅದನ್ನೇ ಹಾಡಿನುದ್ದಕ್ಕೂ ಅಂಟಿಸುವುದು ಸುಲಭ. ಜವನಗೊಂಡನಹಳ್ಳಿಯಿಂದ ಬಂದ ಒಬ್ಬ ಹಿರಿಯ ಹೆಂಗಸು ನಾನು ಹಾಗೆ ಅಂಟಿಸಿದ ತಾಳಕ್ಕೆ ಹಾಡುತ್ತಾ ಅರ್ಧಕ್ಕೆ ನಿಲ್ಲಿಸಿದರು. ಏನಾಯಿತಮ್ಮ ಎಂದೆ. "ಬಾರಿಸೋನು ನನ್ನ ಹಾಡು ಕೇಳ್ತಾ ಇಲ್ಲ ಕಣಪ್ಪ" ಎಂದರು. ಆವತ್ತಿನಿಂದ ದಸ್ತಗೀರ್ ಸಾಬರು ಹಾಡು ಎಷ್ಟೇ ಉದ್ದವಿರಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಬಾರಿಸುತ್ತಿದ್ದರು. ಹಾಡುವವರು ಎಳೆದ ಕಡೆ ಅವರೂ ಎಳೆಯುತ್ತಿದ್ದರು. ನನ್ನ ಟ್ರ್ಯಾಕುಗಳಿಗೆ ಜೀವ ಬಂದದ್ದು ಅಲ್ಲಿಂದ.

ಈಗ ಹಗೇವಿನ ವಿಷಯ.

ಜೋಳ, ರಾಗಿ ತುಂಬಿಡಲು ಹಿಂದೆ ನೆಲದೊಳಗೆ ತೋಡುತ್ತಿದ್ದ ಕಣಜಕ್ಕೆ ನಮ್ಮ ಕಡೆ ಹಗೇವು ಎನ್ನುತ್ತಾರೆ. ಬಾಯಿ ಒಬ್ಬ ಮನುಷ್ಯ ತೂರುವಷ್ಟು. ಇಳಿದಂತೆ ಗುಡಾಣದ ಹೊಟ್ಟೆಯ ಹಾಗೆ ಅಗಲ. ತಿಪ್ಪಮ್ಮಜ್ಜಿಯ ಹಿತ್ತಲಿನ ಬೇವಿನ ಮರದ ಹತ್ತಿರ ಅಂಥದೊಂದು ಇತ್ತು. ಬಾಯಿಗೆ ದುಂಡನೆಯ ಚಪ್ಪಡಿ ಮುಚ್ಚಿ ಸುತ್ತ ಮಣ್ಣು ಮೆತ್ತಿದ್ದರು. ಅದನ್ನು ತೆಗೆದು ಎಷ್ಟು ವರ್ಷವಾಗಿತ್ತೋ ಅಜ್ಜಿಗೂ ಸರಿಯಾಗಿ ನೆನಪಿರಲಿಲ್ಲ.

ಒಂದು ದಿನ ಸಾಬರು ಹಿತ್ತಲು ದಾಟುವಾಗ ಚಪ್ಪಡಿಯ ಮೇಲೆ ಹಿಮ್ಮಡಿ ಊರಿದರು, ನಿಂತರು, ಮತ್ತೆ ಊರಿದರು. ನನ್ನನ್ನು ಕರೆದು ಬರಿಗಾಲಲ್ಲಿ ಪಕ್ಕದಲ್ಲಿ ನಿಲ್ಲಲು ಹೇಳಿದರು. ಬಟ್ಟೆ ಸುತ್ತಿದ ಒನಕೆಯಿಂದ ಚಪ್ಪಡಿಯನ್ನು ಮೆಲ್ಲಗೆ ಗುದ್ದಿದರು. ಆ ಸದ್ದು ಕಿವಿಗೆ ಬರುವ ಮೊದಲೇ ಅಂಗಾಲಿಗೆ ಬಂತು. ಕೆಳಗೆ ಯಾರೋ ಬಹಳ ದೊಡ್ಡವರು ನಿಧಾನವಾಗಿ ಹೂಂ ಎಂದಂತೆ. ಡೊಳ್ಳಿನ ಸದ್ದು ಕೇಳಿ ಬೆಳೆದವರು ನಾವು. ಡೊಳ್ಳಿನ ಕೆಳಗೂ ಒಂದು ಸದ್ದು ಇದೆ ಎಂದು ಗೊತ್ತಿರಲಿಲ್ಲ.

ಒಂದು ವರ್ಷ ಆ ಚಪ್ಪಡಿಯೇ ನಮ್ಮ ದೊಡ್ಡ ಡ್ರಮ್ಮು. ಯಾವ ವಾದ್ಯ ಇದು ಎಂದು ದೂರದೂರದಿಂದ ಕೇಳುತ್ತಿದ್ದರು. ಸಾಬರಿಗೆ ಅಷ್ಟು ಸಾಲಲಿಲ್ಲ. ಚಪ್ಪಡಿ ತೆಗೆದು ಬಾಯಿಗೆ ಚರ್ಮ ಬಿಗಿದರೆ ಇಡೀ ಹಗೇವೇ ಒಂದು ವಾದ್ಯವಾಗುತ್ತದೆ, ಮೈಕನ್ನು ಅದರ ಹೊಟ್ಟೆಯೊಳಗೆ ಇಳಿಬಿಡೋಣ ಎಂದರು. ಬಾಯಿಯ ಅಳತೆಗೆ ಕಬ್ಬಿಣದ ಬಳೆ ಮಾಡಿದರು. ಎರಡು ಕುರಿಚರ್ಮ ಹೊಲಿದು ನೆನೆಸಿ ಬಳೆಗೆ ಬಿಗಿದು ಒಣಗಿಸಿದರು. ಅಜ್ಜಿಯನ್ನು ಕೇಳಿದಾಗ ತೆಗೆಯಲು ಒಪ್ಪಿದರು. ಮೂರು ದಿನ ಬಾಯಿ ಬಿಟ್ಟಿಡಿ, ಆಮೇಲೆ ಮುಟ್ಟಿ ಎಂದರು. ಮೂರು ದಿನ ಕಾಯುವ ಸಹನೆ ನಮಗಿರಲಿಲ್ಲ. ಬೆಳಿಗ್ಗೆ ಚಪ್ಪಡಿ ಸರಿಸಿ, ರುದ್ರಪ್ಪನವರ ಮೈಕನ್ನು ಒಂದಾಳು ಆಳಕ್ಕೆ ಇಳಿಬಿಟ್ಟು, ಅರ್ಧ ಗಂಟೆಯೊಳಗೆ ಚರ್ಮ ಕೂರಿಸಿಬಿಟ್ಟೆವು. ಒಳಗಿದ್ದ ಗಾಳಿ ಒಳಗೇ ಉಳಿಯಿತು. ಇದನ್ನು ನಾನು ಆಗ ಯೋಚಿಸಲಿಲ್ಲ. ಈಗ ದಿನಾ ಯೋಚಿಸುತ್ತೇನೆ.

ಕೇಬಲನ್ನು ಕಿಟಕಿಯಿಂದ ಒಳಗೆಳೆದು ಕೋಣೆಯಲ್ಲಿ ಕೂತು ಹೆಡ್‌ಫೋನು ಹಾಕಿಕೊಂಡೆ. ಸಾಬರು ಹೊರಗೆ ಒಂದು ಏಟು ಹಾಕಿದರು. ಮೂವತ್ತು ವರ್ಷ ಸದ್ದು ಕೇಳಿ ಹೊಟ್ಟೆ ಹೊರೆದವನು ನಾನು. ಆ ಒಂದು ಏಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಸದ್ದು ಹುಟ್ಟಿ, ಗೋಡೆಯ ಸುತ್ತ ನಡೆದು, ತಳದಲ್ಲಿ ಕೂತು, ಎದ್ದು ಬಂದು ಆಮೇಲೆ ಆರಿತು. ಆರಿದ ಮೇಲಿನ ನಿಶ್ಶಬ್ದ ಅದಕ್ಕಿಂತ ದೊಡ್ಡದಾಗಿತ್ತು. ಹಕ್ಕಿಯಿಲ್ಲ, ಬಸ್ಸಿಲ್ಲ, ಗಾಳಿಯಿಲ್ಲ. ಅಂಥ ನಿಶ್ಶಬ್ದಕ್ಕೆ ನಾನು ಇಡೀ ಜೀವನ ಕಂಬಳಿ ಹೊಡೆದಿದ್ದೆ.

ನಾಲ್ಕನೇ ಸಲ ಬಾರಿಸುವಾಗ ಕೇಬಲನ್ನು ಬಾಯಿಯ ಅಂಚಿಗೆ ಹಿಡಿಸಿದ್ದ ಟೇಪು ಬಿಚ್ಚಿ ಮೈಕು ತಳಕ್ಕೆ ಬಿತ್ತು. ಕೇಬಲ್ ಎಳೆದರೆ ಮೈಕು ಕೆಳಗೆ ಯಾವುದಕ್ಕೋ ಸಿಕ್ಕಿಕೊಂಡು ಬರಲಿಲ್ಲ. ಜೋರಾಗಿ ಎಳೆದರೆ ಕಿತ್ತುಹೋಗುತ್ತದೆ. ಚರ್ಮ ತೆಗೆದೆವು. ನಾನಿಳಿಯುತ್ತೇನೆ ಎಂದರು ಸಾಬರು. ಅವರು ಸಣಕಲು, ನಾನು ಆ ಬಾಯಲ್ಲಿ ತೂರುವಂತಿರಲಿಲ್ಲ. ಬೇವಿನ ಮರಕ್ಕೆ ಹಗ್ಗ ಕಟ್ಟಿದೆವು. ಮರಕ್ಕೆ ಕಟ್ಟಿದೆವು, ಅವರ ಸೊಂಟಕ್ಕಲ್ಲ.

ಅಷ್ಟರಲ್ಲಿ ಅಜ್ಜಿ ಸೊಪ್ಪು ಬಿಡಿಸುತ್ತಾ ಹಿತ್ತಲ ಬಾಗಿಲಿಗೆ ಬಂದರು. ನಾವು ಮಾಡುತ್ತಿದ್ದುದನ್ನು ನೋಡಿ, "ಇಳಿಯೋಕ್ ಮುಂಚೆ ಬುಡ್ಡಿ ಹಚ್ಚಿ ಇಳಿಸಿ ನೋಡ್ರಪ್ಪ" ಎಂದು ಹೇಳಿ ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದರು.

ಬುಡ್ಡಿ ಎಂದರೆ ಸೀಮೆಎಣ್ಣೆಯ ದೀಪ. ಈ ಕಾಲದಲ್ಲಿ ಅದೆಲ್ಲಿ? ಒಳಗೆ ಹಾವು ಚೇಳು ಇದ್ದರೆ ಕಾಣಲಿ ಎಂದು ಹೇಳಿದ್ದಾರೆ ಅಂದುಕೊಂಡೆ. ನನ್ನ ಹತ್ತಿರ ಬುಡ್ಡಿಗಿಂತ ನೂರು ಪಾಲು ಬೆಳಕಿನ ಬ್ಯಾಟರಿ ಇತ್ತು. ದಾರ ಕಟ್ಟಿ ಇಳಿಸಿದೆ. ತಳದ ಹೊಟ್ಟು, ಹಳೇ ಹುಲ್ಲು, ಮೈಕು ಸಿಕ್ಕಿಕೊಂಡಿದ್ದ ಕಲ್ಲು ಎಲ್ಲ ಹಗಲಿನಂತೆ ಕಂಡವು. ಹಾವಿರಲಿಲ್ಲ. ಅಜ್ಜಿಯ ಮಾತು ನಡೆಸಿಕೊಟ್ಟೆ ಎಂಬ ಸಮಾಧಾನ ಬೇರೆ. ಕಾಳು ಹೊಟ್ಟು ಕೊಳೆತ ಕಡೆ ಕೆಟ್ಟ ಗಾಳಿ ತುಂಬುತ್ತದೆ, ಅದು ಭಾರ, ತಳದಲ್ಲಿ ಕೂರುತ್ತದೆ, ಅಲ್ಲಿ ಬೆಂಕಿ ಉರಿಯುವುದಿಲ್ಲ ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು. ಬ್ಯಾಟರಿ ಯಾವ ಗಾಳಿಯಲ್ಲೂ ಉರಿಯುತ್ತದೆ. ಆ ಎರಡು ವಿಷಯ ನನ್ನ ತಲೆಯಲ್ಲಿ ಒಂದನ್ನೊಂದು ಮುಟ್ಟಲಿಲ್ಲ.

ಸಾಬರು ಇಳಿದರು. ಮೈಕು ಕೆಟ್ಟಿದೆಯೋ ಇಲ್ಲವೋ ತಿಳಿಯಲು ನಾನು ಕೋಣೆಗೆ ಹೋಗಿ ಹೆಡ್‌ಫೋನು ಹಾಕಿಕೊಂಡೆ. ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ, ಅದು ಓಡುತ್ತಲೇ ಇತ್ತು. ಹೊಟ್ಟಿನ ಮೇಲೆ ಅವರ ಕಾಲು ಊರಿದ್ದು ಕೇಳಿತು. ಆಮೇಲೆ ನನ್ನ ಕಿವಿಯೊಳಗೇ ಕೂತು ಹೇಳಿದಂತೆ ಅವರ ದನಿ:

"ಸಾರ್, ಇಲ್ಲಿ ಎಷ್ಟು ತಣ್ಣಗೈತೆ ಗೊತ್ತಾ."

ಒಮ್ಮೆ ಕೆಮ್ಮಿದರು. ಗೋಡೆಯನ್ನು ಗೆಣ್ಣಿನಿಂದ ಎರಡು ಸಲ ತಟ್ಟಿ ನೋಡಿದರು. ಅದು ಅವರ ಅಭ್ಯಾಸ. ಆಮೇಲೆ ಉಸಿರು. ದೊಡ್ಡ ಉಸಿರು, ಬೇಗಬೇಗ. ಬಗ್ಗಿ ಕಲ್ಲು ಎತ್ತುತ್ತಿದ್ದಾರೆ ಎಂದುಕೊಂಡೆ. ಆ ಉಸಿರು ಹಗೇವಿನ ಹೊಟ್ಟೆಯಲ್ಲಿ ತುಂಬಿ ಬರುತ್ತಿದ್ದ ರೀತಿ ಹೇಗೆ ಹೇಳಲಿ? ಭೂಮಿಯೇ ಉಸಿರಾಡುತ್ತಿದೆ ಎನ್ನಿಸಿತು. ನಾನು ಕಣ್ಣು ಮುಚ್ಚಿದೆ. ಉಸಿರು ನಿಧಾನವಾಗುತ್ತಾ ಬಂತು, ಅಂತರ ಹೆಚ್ಚಾಯಿತು. ಸದ್ದು ಮಾತ್ರ ಕಡಿಮೆಯಾಗಲಿಲ್ಲ. ಅಷ್ಟೇ ತುಂಬಾಗಿ, ಅಷ್ಟೇ ಹತ್ತಿರದಲ್ಲಿ ಕೇಳುತ್ತಿತ್ತು.

ಬೆರಳಿಗೆ ಏನೋ ತಡೆಯಿತು. ಕಣ್ಣು ತೆರೆದೆ. ನಾಬ್ ಕೊನೆ ಮುಟ್ಟಿತ್ತು, ಮುಂದೆ ತಿರುಗುತ್ತಿರಲಿಲ್ಲ.

ಅವರ ಉಸಿರು ಇಳಿಯುತ್ತಾ ಬಂದಿತ್ತು. ನನ್ನ ಬೆರಳು ಅದು ಇಳಿದಷ್ಟೂ ಏರಿಸುತ್ತಾ ಬಂದಿತ್ತು. ಬಿದ್ದದ್ದು ನನಗೇ ಗೊತ್ತಾಗಲಿಲ್ಲ.

ಹೊರಗೆ ಓಡಿ ಬಾಯಲ್ಲಿ ಬಗ್ಗಿದೆ. ಬ್ಯಾಟರಿ ಪ್ರಕಾಶಮಾನವಾಗಿ ಉರಿಯುತ್ತಿತ್ತು. ಸಾಬರು ಒಂದು ಪಕ್ಕಕ್ಕೆ ಮಡಿಸಿಕೊಂಡು ಹೊಟ್ಟಿನ ಮೇಲೆ ಕೆನ್ನೆಯಿಟ್ಟು ಮಲಗಿದ್ದರು. ಕೂಗಿದೆ, ಅಲ್ಲಾಡಲಿಲ್ಲ. ತೂರುವುದಿಲ್ಲ ಎಂದು ಗೊತ್ತಿದ್ದೂ ಕಾಲು ಒಳಗೆ ಹಾಕಿದೆ. ಹಿಂದಿನಿಂದ ನನ್ನ ಬೆಲ್ಟು ಹಿಡಿದು ಯಾರೋ ಎಳೆದರು. ಎಪ್ಪತ್ತು ದಾಟಿದ ಅಜ್ಜಿ.

"ಕಾಲು ತೆಗಿ. ನೀನೂ ಬಿದ್ರೆ ಇಬ್ರನ್ನ ಎಳೆಯೋರ್ಯಾರು?"

ಅವರು ಕಿರುಚಲಿಲ್ಲ. ದೇವರ ಮನೆಯಿಂದ ಉರಿಯುವ ದೀಪವನ್ನು ಚೊಂಬಿನೊಳಗಿಟ್ಟು ತಂದು ಹಗ್ಗ ಕಟ್ಟಿ ಇಳಿಸಿದರು. ಹಗೇವಿನ ಕತ್ತು ದಾಟುವವರೆಗೂ ಉರಿ ನೆಟ್ಟಗಿತ್ತು. ಅಲ್ಲಿಂದ ಒಂದು ಮೊಳ ಕೆಳಗೆ ಹೋದದ್ದೇ ಕುಗ್ಗಿ, ಬತ್ತಿಯನ್ನು ಬಿಟ್ಟು, ಇಲ್ಲವಾಯಿತು. ಗಾಳಿ ಊದಲಿಲ್ಲ, ಹೊಗೆಯೂ ಮೇಲೆ ಬರಲಿಲ್ಲ. ಕಣ್ಣಿಗೆ ಕಾಣದ ಒಂದು ನೀರಿನಲ್ಲಿ ಅದ್ದಿದಂತೆ. ಆ ನೀರಿನ ತಳದಲ್ಲಿ ನನ್ನ ಗೆಳೆಯ ಮಲಗಿದ್ದ.

ಅಜ್ಜಿಯ ಕೂಗಿಗೆ ಎದುರು ಮನೆಯ ಆಟೊ ಓಡಿಸುವ ಮಂಜ ಬಂದ, ಪಕ್ಕದ ಮನೆಯ ಇಬ್ಬರು ಹೆಂಗಸರು ಬಂದರು. ಗೋಡೆಯ ಕಂಬಳಿ ಕಿತ್ತು ತರಿಸಿದ ಅಜ್ಜಿ ನಾಲ್ಕು ಮೂಲೆ ಸೇರಿಸಿ ಹಗ್ಗಕ್ಕೆ ಕಟ್ಟಿಸಿದರು. ಅದನ್ನು ಒಳಗೆ ಬಿಟ್ಟು ಜೋರಾಗಿ ಮೇಲೆಳೆದು ಹೊರಗೆ ಒದರಬೇಕು, ಮತ್ತೆ ಬಿಡಬೇಕು. ಬಾವಿಯಿಂದ ನೀರು ಸೇದಿ ಚೆಲ್ಲಿದ ಹಾಗೆ ಗಾಳಿಯನ್ನು ಸೇದಿ ಚೆಲ್ಲಬೇಕು. ಹೆಂಗಸರು ಸೇದಿದರು. ಯಂತ್ರಗಳ ಧೂಳು ಊದಲು ಇಟ್ಟುಕೊಂಡಿದ್ದ ಬ್ಲೋವರನ್ನು ನಾನು ಉದ್ದದ ವೈರಿಗೆ ಸಿಕ್ಕಿಸಿ, ಅವರ ಮುಖದ ಹತ್ತಿರಕ್ಕೆ ಇಳಿಬಿಟ್ಟೆ. ಮಂಜ ಅಂಗಿ ಬಿಚ್ಚಿ ಇಳಿಯಲು ನಿಂತ. ಅಜ್ಜಿ ಅಡ್ಡ ಬಂದರು. ದೀಪ ಮತ್ತೆ ಇಳಿಸಿದರು. ಈ ಸಲ ಇನ್ನೊಂದು ಮೊಳ ಕೆಳಗೆ ಹೋಗಿ ಆರಿತು.

"ಬಿಡಜ್ಜಿ, ಉಸಿರು ಕಟ್ಕೊಂಡು ಹೋಗ್ ಬರ್ತೀನಿ" ಎಂದ ಮಂಜ.

ಅಜ್ಜಿ ನನ್ನ ಕಡೆ ತಿರುಗಿದರು. "ಸತ್ತೋನಿಗೋಸ್ಕರ ಇನ್ನೊಬ್ಬನ್ನ ಇಳಿಸಾಕ್ ಆಗಲ್ಲ ನನ್ ಕೈಲಿ. ಸಾಬನಿಗೆ ಉಸಿರೈತೋ ಇಲ್ವೋ? ಯಾರಾರ ಹೇಳ್ರಿ."

ಮೇಲಿನಿಂದ ನೋಡಿ ಹೇಳಲು ಯಾರಿಗೂ ಆಗುತ್ತಿರಲಿಲ್ಲ. ಆಗ ನೆನಪಾಯಿತು, ಅಲ್ಲಿ ನನ್ನದೊಂದು ಕಿವಿ ಇದೆ. ಮೈಕು ಅವರ ಮುಖದಿಂದ ಒಂದು ಗೇಣಿನಲ್ಲಿತ್ತು. ಬ್ಲೋವರ್ ನಿಲ್ಲಿಸಿ, ಯಾರೂ ಮಿಸುಕಬೇಡಿ ಎಂದು ಕೂಗಿ ಒಳಗೆ ಓಡಿದೆ. ಅವರ ಮುಖಕ್ಕೆ ಸಿಗುತ್ತಿದ್ದ ಗಾಳಿಯನ್ನು ನಿಲ್ಲಿಸಿ ಕೇಳಬೇಕಿತ್ತು; ಹೆಚ್ಚು ಹೊತ್ತು ಕೇಳುವಂತಿರಲಿಲ್ಲ. ಹೆಡ್‌ಫೋನು ಕಿವಿಗೊತ್ತಿದೆ. ನಾಬ್ ಕೊನೆಯಲ್ಲೇ ಇತ್ತು. ಬರೀ ಯಂತ್ರದ ಸುಂಯ್‌ಗುಟ್ಟುವಿಕೆ. ಅದರ ಹಿಂದೆ ಆ ನಿಶ್ಶಬ್ದ. ಬೆಳಿಗ್ಗೆ ನನ್ನ ಕಣ್ಣಲ್ಲಿ ನೀರು ತರಿಸಿದ್ದ ಅದೇ ನಿಶ್ಶಬ್ದ. ಜೀವನದಲ್ಲಿ ಅಷ್ಟು ಗಮನವಿಟ್ಟು ನಾನು ಏನನ್ನೂ ಕೇಳಿಲ್ಲ. ಕೇಳುತ್ತಾ ಹೋದೆ. ಒಂದು ರಾಗಿ ಕಾಳು ಹೊಟ್ಟಿನ ಮೇಲೆ ಉರುಳಿದಷ್ಟು ಸದ್ದು. ಹೊಟ್ಟು ಸರಿದದ್ದು. ಸರಿಸಿದ್ದು ಉಸಿರು.

"ಐತೆ" ಎಂದೆ. ಕೂಗಿದೆನೋ ಪಿಸುಗುಟ್ಟಿದೆನೋ ತಿಳಿಯದು. ಹೊರಗಿನವರಿಗೆ ಕೇಳಿತು. ಬ್ಲೋವರ್ ಮತ್ತೆ ಶುರುವಾಯಿತು. ಕಂಬಳಿ ಮೊದಲಿಗಿಂತ ಎರಡರಷ್ಟು ವೇಗದಲ್ಲಿ ಏರಿಳಿಯಿತು. ಮೂರನೇ ಸಲ ದೀಪ ಇಳಿದಾಗ ಉರಿ ಬಳುಕಿತು, ಕುಗ್ಗಿತು, ಆದರೆ ಬತ್ತಿ ಬಿಡಲಿಲ್ಲ. ಅಜ್ಜಿ ಮಂಜನ ಎದೆಗೆ ತಾವೇ ಹಗ್ಗ ಬಿಗಿದು, ನೂರು ಎಣಿಸುವುದರೊಳಗೆ ಮೇಲಿರಬೇಕು ಎಂದರು. ಇಳಿದವನು ಸಾಬರ ಕಂಕುಳಿಗೆ ಇನ್ನೊಂದು ಹಗ್ಗ ಹಾಕಿದ. ಮೊದಲು ಮಂಜನನ್ನು, ಆಮೇಲೆ ಸಾಬರನ್ನು ಎಳೆದೆವು. ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು. ಬೇವಿನ ನೆರಳಿನಲ್ಲಿ ಪಕ್ಕಕ್ಕೆ ಹೊರಳಿಸಿದಾಗ, ಬಾವಿಯ ತಳದಿಂದ ಬಂದಂಥ ಒಂದು ದೊಡ್ಡ ಉಸಿರು ಎಳೆದುಕೊಂಡರು. ಮಂಜನ ಆಟೊದಲ್ಲೇ ಆಸ್ಪತ್ರೆಗೆ ಹೋದೆವು.

ಸಾಬರ ಹೆಂಡತಿ ಆಸ್ಪತ್ರೆಗೆ ಬಂದು ನನ್ನನ್ನು ಕೇಳಿದ್ದು ಒಂದೇ ಮಾತು: "ನೀವೆಲ್ಲಿದ್ರಿ ಅಣ್ಣಾ?" ಅಲ್ಲೇ ಇದ್ದೆನಮ್ಮಾ ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, ನೀವಿದ್ದುದಕ್ಕೆ ಉಳಿದರು ಎಂದು ಅತ್ತರು. ನಾಬ್ ತಿರುಗಿಸಿದ ಕೈಯನ್ನೂ ಹಿಡಿದಿದ್ದರು.

ಸಾಬರು ನಾಲ್ಕನೇ ದಿನ ಮನೆಗೆ ಬಂದರು. ಒಂದು ತಿಂಗಳು ತಲೆನೋವು ಅಂದರು, ಆಮೇಲೆ ತಗಡಿನ ಕೆಲಸಕ್ಕೆ ಕೂತರು. ಅಜ್ಜಿ ಹಗೇವಿಗೆ ಎರಡು ಟ್ರ್ಯಾಕ್ಟರ್ ಮಣ್ಣು ತುಂಬಿಸಿದರು. ನಮಗೆ ಬೈಯಲಿಲ್ಲ. ನಮ್ಮ ಮಾವನವರ ಕಾಲದಲ್ಲಿ ಓದಿದೋರು ಯಾರೂ ಹಗೇವಿಗೆ ಇಳೀತಿರಲಿಲ್ಲ ಎಂದಷ್ಟೇ ಅಂದರು. ನನ್ನಿಂದ ಮಾತ್ರ ಕೆಲಸವಾಗಲಿಲ್ಲ. ಹೆಡ್‌ಫೋನು ಹಾಕಿದರೆ ಬೆರಳು ನಾಬಿನ ಮೇಲೆ ಹೋಗುತ್ತಿರಲಿಲ್ಲ. ಯಾರ ದನಿ ಇಳಿದರೂ ಎದ್ದು ಹೊರಗೆ ಹೋಗಿ ನೋಡಿ ಬರುತ್ತಿದ್ದೆ. ಹೀಗೆ ರೆಕಾರ್ಡಿಂಗ್ ಮಾಡಲಾಗುವುದಿಲ್ಲ. ಅದೇ ನನ್ನ ನಿವೃತ್ತಿ.

ಹೊಸಬರಿಗೆ ಬರೆಯುತ್ತಿದ್ದೇನಾದ್ದರಿಂದ ನೇರ ಹೇಳುತ್ತೇನೆ. ಬಾರಿಸುವವರು ಕಣ್ಣಿಗೆ ಕಾಣುವಂತೆ ಕೂರಿ. ಗೋಡೆಯಾಚೆ ಇರುವ ಮನುಷ್ಯನನ್ನು ಮೈಕಿಗೆ ಒಪ್ಪಿಸಬೇಡಿ. ಸದ್ದು ಇಳಿದಾಗ ಏರಿಸುವ ಮುಂಚೆ ಅದು ಯಾಕೆ ಇಳಿಯಿತು ಎಂದು ನೋಡಿ. ಹಳೇ ಜಾಗ, ಹಳೇ ಬಾವಿ, ಹಳೇ ಕಣಜದ ಸದ್ದು ಎಷ್ಟೇ ಕರೆಯಲಿ, ಆ ಜಾಗದವರು ಹೇಳಿದಷ್ಟು ದಿನ ಕಾಯಿರಿ, ಅವರು ಹೇಳಿದ ದೀಪವನ್ನೇ ಹಚ್ಚಿ.

ಆ ದಿನದ ರೆಕಾರ್ಡಿಂಗ್ ನನ್ನ ಕಂಪ್ಯೂಟರಿನಲ್ಲೇ ಉಳಿದಿತ್ತು. ಅಳಿಸಲು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಅಳಿಸುವ ಬದಲು ಕೇಳಿದ್ದೇನೆ. ಅದರ ವಿಷಯ ಸಾಬರಿಗೆ ಹೇಳಿರಲಿಲ್ಲ. ಒಮ್ಮೆ ನಾನು ಅದನ್ನು ಕೇಳುತ್ತಾ ಕೂತದ್ದನ್ನು ನೋಡಿದ್ದ ಮಂಜ ಹೇಳಿದ್ದಾನೆ. ಮೊನ್ನೆ ಮಧ್ಯಾಹ್ನ ಬಂದು, ಕೂತು, ನೀರು ಕುಡಿದು ಕೇಳಿದರು.

"ಅದು ಐತಂತಲ್ಲ ಸಾರ್. ಹಾಕ್ರಿ, ಕೇಳ್ತೀನಿ."

ಬೇಡ ಸಾಬ್ರೇ ಎಂದೆ. ಅವರು ಹೆಡ್‌ಫೋನು ಎತ್ತಿ ಹಾಕಿಕೊಂಡರು. ನಾನು ಇನ್ನೊಂದು ಜೊತೆ ಹಾಕಿಕೊಂಡೆ. ತಣ್ಣಗಿದೆ ಎಂದದ್ದು ಬಂತು, ಕೆಮ್ಮು ಬಂತು, ಗೋಡೆ ತಟ್ಟಿದ್ದು ಬಂತು. ಉಸಿರು ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಅವರು ಹುಬ್ಬು ಗಂಟಿಕ್ಕಿ ಕೈಯೆತ್ತಿದರು. ನಿಲ್ಲಿಸಿದೆ.

"ಇಲ್ಲಿ ಹಿಂದಿನ ಸುಂಯ್ ಅನ್ನೋದು ಜಾಸ್ತಿ ಆಗ್ತಾ ಬರ್ತೈತೆ. ಯಾಕೆ?"

ಯಾರಿಗೂ ಕೇಳಿಸದಿದ್ದದ್ದು ಅವರ ಕಿವಿಗೆ ಕೇಳಿತ್ತು. ಹೇಳಿದೆ. ನಿಮ್ಮ ಉಸಿರು ಇಳೀತಾ ಇತ್ತು, ನಾನು ಏರಿಸ್ತಾ ಇದ್ದೆ, ಚೆನ್ನಾಗಿ ಕೇಳ್ತಿದೆ ಅಂತ ಕಣ್ಣು ಮುಚ್ಚಿಕೊಂಡಿದ್ದೆ. ಅಷ್ಟೂ ಹೇಳಿದೆ. ಅವರು ಬಹಳ ಹೊತ್ತು ನಾಬಿನ ಕಡೆ ನೋಡಿದರು. ಆಮೇಲೆ ನನ್ನ ಬಲಗೈಯನ್ನು ತೆಗೆದು ಮೇಜಿನಿಂದ ಕೆಳಗಿಟ್ಟರು.

"ಈಗ ಮುಟ್ಟಬ್ಯಾಡ್ರಿ. ಅಜ್ಜಿ ಕೇಳಿದ್ಳಂತಲ್ಲ, ಉಸಿರೈತಾ ಅಂತ. ಅಲ್ಲಿಂದ ಹಾಕ್ರಿ."

ಅಲ್ಲಿಂದ ಹಾಕಿದೆ. ಬ್ಲೋವರಿನ ಮೊರೆತದ ಹಿಂದೆ ಅಜ್ಜಿಯ ದನಿ, ದೂರದಿಂದ, ಮೇಲಿನಿಂದ. ನನ್ನ ಕೂಗು. ಬ್ಲೋವರ್ ನಿಂತದ್ದು. ಆಮೇಲೆ ಏನೂ ಇಲ್ಲ. ಬದುಕಿ, ನನ್ನ ಮುಂದೆ, ನನ್ನ ಮನೆಯ ನೀರು ಕುಡಿದು ಕೂತಿದ್ದ ಮನುಷ್ಯ, ಆ ಉಸಿರು ಬರುತ್ತದೋ ಇಲ್ಲವೋ ಎಂದು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಎಷ್ಟೋ ಸಲ ಕೇಳಿದ್ದ ನಾನೂ ಕಾಯುತ್ತಿದ್ದೆ. ಹೊಟ್ಟು ಸರಿಯಿತು. ಸಾಬರ ಎದೆ ಒಮ್ಮೆ ಏರಿ ಇಳಿಯಿತು. ಅಷ್ಟು ಹೊತ್ತು ಅವರು ಉಸಿರಾಡಿರಲಿಲ್ಲ ಎಂದು ಆಗ ನನಗೆ ತಿಳಿಯಿತು. ಈ ಸಲ ನಾನು ನೋಡುತ್ತಲೇ ಇದ್ದೆ.